ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮೆಮೊರಿ ಕೆಡಿಸುವ ದೋಷದ ಬುಡ ಹಿಡಿಯುವ ಬಗೆ

ಎರಡು ವಾರಗಳ ಕಾಲ ನಮ್ಮ ತಂಡದ ಒಬ್ಬ ಎಂಜಿನಿಯರ್ ತನ್ನದಲ್ಲದ ತಪ್ಪಿಗೆ ಉತ್ತರ ಹೇಳುತ್ತಿದ್ದಳು. ಸಿ ಭಾಷೆಯಲ್ಲಿ ಬರೆದ ನಮ್ಮ ಸರ್ವರ್ ಪ್ರೋಗ್ರಾಮ್ ಎರಡು ಮೂರು ದಿನಕ್ಕೊಮ್ಮೆ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಲಾಗ್‌ನ ಕೊನೆಯ ಸಾಲಿನಲ್ಲಿ ಪ್ರತಿ ಸಲವೂ ‘ಫ್ರೀ(): ಇನ್‌ವ್ಯಾಲಿಡ್ ಪಾಯಿಂಟರ್’ ಎಂಬ ಅದೇ ಸಂದೇಶ. ಬ್ಯಾಕ್‌ಟ್ರೇಸ್, ಅಂದರೆ ಬಿದ್ದ ಕ್ಷಣದಲ್ಲಿ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ, ತೆಗೆದು ನೋಡಿದರೆ ಪ್ರತಿ ಸಲವೂ ಆಕೆ ಬರೆದ ಅದೇ ಫಂಕ್ಷನ್. ಅದರಲ್ಲಿದ್ದದ್ದು ಎಂಟೇ ಸಾಲು. ಒಂದು ಚಿಕ್ಕ ದಾಖಲೆಯನ್ನು ಪಟ್ಟಿಯಿಂದ ತೆಗೆದು ಅದರ ಮೆಮೊರಿಯನ್ನು ಬಿಡುಗಡೆ ಮಾಡುವುದಷ್ಟೇ ಅದರ ಕೆಲಸ. ಆಕೆ ಅದನ್ನು ಮೂರು ಬಾರಿ ಹೊಸದಾಗಿ ಬರೆದಳು. ಕ್ರ್ಯಾಶ್ ನಿಲ್ಲಲಿಲ್ಲ. ಕೊನೆಗೆ ತಪ್ಪು ಸಿಕ್ಕಿದ್ದು ಬೇರೊಂದು ಫೈಲಿನಲ್ಲಿ, ನಾನು ಬರೆದ ಒಂದು ಸಾಲಿನಲ್ಲಿ.

ಮೆಮೊರಿ ಕೆಡಿಸುವ ದೋಷಗಳ ಸ್ವಭಾವವೇ ಹೀಗೆ. ಏಟು ಹಾಕಿದವನು ಯಾವಾಗಲೋ ಹೊರಟುಹೋಗಿರುತ್ತಾನೆ; ಏಟು ತಿಂದವನು ಗಂಟೆಗಳ ನಂತರ ಬೇರೆಲ್ಲೋ ಕುಸಿದು ಬೀಳುತ್ತಾನೆ; ಬ್ಯಾಕ್‌ಟ್ರೇಸ್ ಕುಸಿದವನ ಹೆಸರನ್ನು ಮಾತ್ರ ಹೇಳುತ್ತದೆ. ಈ ಬರಹದಲ್ಲಿ ಆ ಕ್ರ್ಯಾಶ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು, ಲಿನಕ್ಸ್‌ನಲ್ಲಿ ಇಂತಹ ದೋಷದ ಜಾಡನ್ನು ಹಿಂದಕ್ಕೆ ಹಿಡಿದುಕೊಂಡು ಹೋಗುವುದು ಹೇಗೆ ಎಂದು ಹೇಳುತ್ತೇನೆ. ಸಿ ಅಥವಾ ಸಿ++ ಕೋಡ್ ಓದಬಲ್ಲವರಿಗೆ, ಜಿಡಿಬಿ ಎಂಬ ಡೀಬಗರ್ ಅನ್ನು ಒಮ್ಮೆಯಾದರೂ ತೆರೆದವರಿಗೆ ಇದು ಸಾಕಾದೀತು.

ಸಾಕ್ಷ್ಯ ಉಳಿಸಿಕೊಳ್ಳುವುದು

ಸರ್ವರ್ ಬಿದ್ದಾಗ ಎಲ್ಲರಿಗೂ ಅದನ್ನು ಮತ್ತೆ ಎಬ್ಬಿಸುವ ಆತುರ. ಎಬ್ಬಿಸಬೇಕು, ನಿಜ, ಆದರೆ ಬಿದ್ದ ಕ್ಷಣದ ಮೆಮೊರಿಯ ಪ್ರತಿ, ಅಂದರೆ ಕೋರ್ ಡಂಪ್, ಉಳಿದಿದೆಯೇ ಎಂದು ಮೊದಲೇ ಖಚಿತ ಮಾಡಿಕೊಂಡಿರಬೇಕು. ಅನೇಕ ವ್ಯವಸ್ಥೆಗಳಲ್ಲಿ ಕೋರ್ ಫೈಲಿನ ಗಾತ್ರದ ಮಿತಿ ಸೊನ್ನೆಯಾಗಿರುತ್ತದೆ, ಹಾಗಾಗಿ ಏನೂ ಉಳಿಯುವುದಿಲ್ಲ. ಯುಲಿಮಿಟ್ ಆಜ್ಞೆಯಿಂದ ಆ ಮಿತಿಯನ್ನು ತೆಗೆದುಹಾಕಿ. ಫೈಲ್ ಎಲ್ಲಿ ಬೀಳುತ್ತದೆ ಎಂಬುದನ್ನು ಕರ್ನೆಲ್‌ನ ಕೋರ್-ಪ್ಯಾಟರ್ನ್ ಸೆಟ್ಟಿಂಗ್ ನಿರ್ಧರಿಸುತ್ತದೆ. ಸಿಸ್ಟಮ್‌ಡಿ ಇರುವ ಯಂತ್ರದಲ್ಲಿ ಕೋರ್‌ಡಂಪ್‌ಸಿಟಿಎಲ್ ಎಂಬ ಸಾಧನ ಹಳೆಯ ಕುಸಿತಗಳನ್ನೆಲ್ಲ ಪಟ್ಟಿ ಮಾಡಿ ತೋರಿಸಬಹುದು. ಸರ್ವಿಸ್ ಆಗಿ ಓಡುವ ಪ್ರೋಗ್ರಾಮ್‌ಗೆ ನಿಮ್ಮ ಶೆಲ್‌ನಲ್ಲಿ ಬದಲಿಸಿದ ಮಿತಿ ಅನ್ವಯಿಸುವುದಿಲ್ಲ. ಅದರ ಸರ್ವಿಸ್ ಫೈಲಿನಲ್ಲೇ ಬರೆಯಬೇಕು. ಇದನ್ನು ಮರೆತು ಒಂದು ಇಡೀ ವಾರ ಕಳೆದುಕೊಂಡವರನ್ನು ನಾನು ಬಲ್ಲೆ.

ಕೋರ್ ಫೈಲಿನ ಜೊತೆಗೆ ಅದನ್ನು ಹುಟ್ಟಿಸಿದ ಅದೇ ಬೈನರಿ ಬೇಕು. ಅದೇ ಮೂಲ ಕೋಡ್‌ನಿಂದ ಮತ್ತೊಮ್ಮೆ ಕಂಪೈಲ್ ಮಾಡಿದ್ದು ಸಾಲದು. ಕಂಪೈಲರ್ ಆವೃತ್ತಿ ಒಂದಿಷ್ಟು ಬೇರೆಯಾದರೂ ವಿಳಾಸಗಳು ಜರುಗಿ, ಜಿಡಿಬಿ ಸುಳ್ಳು ಬ್ಯಾಕ್‌ಟ್ರೇಸ್ ಅನ್ನು ಬಹಳ ವಿಶ್ವಾಸದಿಂದ ತೋರಿಸುತ್ತದೆ. ಬೈನರಿಯ ಬಿಲ್ಡ್-ಐಡಿ (ಕಟ್ಟುವಾಗ ಅದಕ್ಕೆ ಬೀಳುವ ಗುರುತಿನ ಸಂಖ್ಯೆ) ಮತ್ತು ಕೋರ್‌ನೊಳಗಿನ ಬಿಲ್ಡ್-ಐಡಿ ಎರಡೂ ಒಂದೇ ಎಂದು ನೋಡಿಕೊಂಡ ಮೇಲೆಯೇ ಮುಂದಿನ ಮಾತು. ಬಿಡುಗಡೆ ಮಾಡುವ ಪ್ರತಿ ಬೈನರಿಯ ಡೀಬಗ್ ಮಾಹಿತಿಯನ್ನು ಬೇರೆ ಕಡೆ ಎತ್ತಿಡುವ ಅಭ್ಯಾಸ ಇಲ್ಲದ ತಂಡಗಳು ಇಂದೇ ಅದನ್ನು ಶುರು ಮಾಡಬೇಕು ಎಂಬುದು ನನ್ನ ಕಳಕಳಿಯ ಮಾತು.

ಇನ್ನೊಂದು ಎಚ್ಚರ. ಕೋರ್ ಡಂಪ್ ಎಂದರೆ ಪ್ರೋಗ್ರಾಮ್‌ನ ಮೆಮೊರಿಯೇ. ಪಾಸ್‌ವರ್ಡ್‌ಗಳು, ಖಾಸಗಿ ಕೀಲಿಗಳು, ಬಳಕೆದಾರರ ಮಾಹಿತಿ ಎಲ್ಲವೂ ಅದರಲ್ಲಿ ಇರಬಹುದು. ಅದನ್ನು ಎಲ್ಲರೂ ನೋಡುವ ದೋಷ ವರದಿಗೆ ಅಂಟಿಸಬಾರದು.

ಕೊನೆಯ ಮಾತನ್ನು ಓದುವುದು

ಪ್ರೋಗ್ರಾಮ್ ಸಾಯುವಾಗ ಹೇಳಿಹೋಗುವುದು ಸ್ವಲ್ಪವೇ, ಆದರೆ ಅದರಲ್ಲಿ ಅರ್ಥ ತುಂಬಿರುತ್ತದೆ. ಶೆಲ್ ತೋರಿಸುವ ನಿರ್ಗಮನ ಸಂಖ್ಯೆ 139 ಆಗಿದ್ದರೆ ಅದು 128ಕ್ಕೆ 11 ಸೇರಿಸಿದ್ದು, ಅಂದರೆ 11ನೆಯ ಸಿಗ್ನಲ್, ಸೆಗ್ಮೆಂಟೇಶನ್ ಫಾಲ್ಟ್: ಪ್ರೋಗ್ರಾಮ್ ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದೆ ಎಂದು ಪ್ರೊಸೆಸರ್ ಮತ್ತು ಕರ್ನೆಲ್ ಹಿಡಿದುಹಾಕಿವೆ. 134 ಆಗಿದ್ದರೆ 6ನೆಯ ಸಿಗ್ನಲ್, ಅಬಾರ್ಟ್: ಪ್ರೋಗ್ರಾಮ್ ತಾನಾಗಿಯೇ ಕೈಚೆಲ್ಲಿದೆ. ನಮ್ಮದು 134. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ, ಹೀಪ್‌ಗೆ (ಪ್ರೋಗ್ರಾಮ್ ಓಡುವಾಗ ಕೇಳಿ ಪಡೆಯುವ ಮೆಮೊರಿಗೆ) ಇಟ್ಟ ಲೆಕ್ಕಪುಸ್ತಕದಲ್ಲಿ ಏನೋ ತಾಳೆಯಾಗದೆ, ಮುಂದುವರಿದರೆ ಅಪಾಯ ಎಂದು ಅದು ತಾನೇ ನಿಲ್ಲಿಸಿದೆ ಎಂದರ್ಥ.

139 ಆಗಿದ್ದರೆ ಕರ್ನೆಲ್ ಲಾಗ್ ನೋಡಿ. ‘ಸೆಗ್‌ಫಾಲ್ಟ್ ಅಟ್’ ಎಂದು ಶುರುವಾಗುವ ಸಾಲಿನಲ್ಲಿ ‘ಎರರ್’ ಎಂಬ ಪದದ ಮುಂದೆ ಒಂದು ಅಂಕಿ ಇರುತ್ತದೆ. ಅನೇಕರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎಕ್ಸ್86 ಯಂತ್ರದಲ್ಲಿ ಅದು 4 ಆಗಿದ್ದರೆ ಇಲ್ಲದ ಪುಟವನ್ನು ಓದಲು ಹೋಗಿದ್ದು, 6 ಆಗಿದ್ದರೆ ಇಲ್ಲದ ಪುಟಕ್ಕೆ ಬರೆಯಲು ಹೋಗಿದ್ದು, 7 ಆಗಿದ್ದರೆ ಪುಟವೇನೋ ಇದೆ, ಆದರೆ ಬರೆಯಲು ಅನುಮತಿ ಇಲ್ಲ. 14 ಅಥವಾ 15 (ಹದಿನಾರರ ಎಣಿಕೆಯಲ್ಲಿ) ಕಂಡರೆ ನೆಟ್ಟಗೆ ಕೂತುಕೊಳ್ಳಿ: ಪ್ರೊಸೆಸರ್ ಆ ವಿಳಾಸದಿಂದ ಸೂಚನೆಗಳನ್ನೇ ತಂದು ನಡೆಸಲು ಹೊರಟಿತ್ತು, ಅಂದರೆ ಪ್ರೋಗ್ರಾಮ್‌ನ ನಡಿಗೆಯೇ ದಾರಿ ತಪ್ಪಿದೆ. ಭದ್ರತೆಯ ದೃಷ್ಟಿಯಿಂದ ಅತಿ ಗಂಭೀರ ಚಿಹ್ನೆಗಳಲ್ಲಿ ಇದೂ ಒಂದು.

ತಪ್ಪಾಗಿ ಮುಟ್ಟಿದ ವಿಳಾಸವೂ ಮಾತನಾಡುತ್ತದೆ. ಸೊನ್ನೆಗೆ ಹತ್ತಿರದ 8, 16, 24ರಂತಹ ವಿಳಾಸವಾದರೆ, ನಲ್ ಪಾಯಿಂಟರ್ ಹಿಡಿದುಕೊಂಡು ಸ್ಟ್ರಕ್ಟ್‌ನ ಒಂದು ಸದಸ್ಯವನ್ನು ಓದಲು ಹೋಗಿದೆ. ಆ ಅಂಕಿಗೆ ಸರಿಹೊಂದುವ ಸದಸ್ಯ ಯಾವುದೆಂದು ನೋಡಿದರೆ ಅರ್ಧ ಕೆಲಸ ಮುಗಿಯಿತು. ವಿಳಾಸದಲ್ಲಿ ಹದಿನಾರರ ಎಣಿಕೆಯ 41, 42, 43ರಂತಹ ಅಂಕಿಗಳು ಸಾಲಾಗಿ ಬಂದಿದ್ದರೆ ಅವು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಪಾಯಿಂಟರ್ ಇರಬೇಕಾದ ಜಾಗದಲ್ಲಿ ಯಾರದೋ ಪಠ್ಯ ಬಂದು ಕೂತಿದೆ. ಇಲ್ಲೊಂದು ಬಲೆಯೂ ಇದೆ. 64 ಬಿಟ್ ಎಕ್ಸ್86ನಲ್ಲಿ ಎಲ್ಲ ವಿಳಾಸಗಳೂ ನ್ಯಾಯಬದ್ಧವಲ್ಲ. ಮೇಲಿನ ಬಿಟ್‌ಗಳು ನಿಯಮಕ್ಕೆ ಹೊಂದದ ವಿಳಾಸವನ್ನು ಮುಟ್ಟಿದರೆ ಪ್ರೊಸೆಸರ್ ಬೇರೆಯೇ ಬಗೆಯ ದೋಷ ಎತ್ತುತ್ತದೆ, ಕರ್ನೆಲ್‌ಗೆ ವಿಳಾಸ ಸಿಗುವುದಿಲ್ಲ, ಸಿಗ್ನಲ್‌ನ ಮಾಹಿತಿಯಲ್ಲಿ ವಿಳಾಸ ಸೊನ್ನೆ ಎಂದು ಬರುತ್ತದೆ. ಅದನ್ನು ನೋಡಿ ‘ನಲ್ ಪಾಯಿಂಟರ್ ಅಷ್ಟೇ’ ಎಂದು ಕೈತೊಳೆದುಕೊಂಡ ವರದಿಗಳು ಎಷ್ಟೋ. ಕರ್ನೆಲ್ ಲಾಗ್‌ನಲ್ಲಿ ‘ಜನರಲ್ ಪ್ರೊಟೆಕ್ಷನ್ ಫಾಲ್ಟ್’ ಎಂದಿದ್ದರೆ ಸೊನ್ನೆಯನ್ನು ನಂಬಬೇಡಿ. ಜಿಡಿಬಿಯಲ್ಲಿ ಬಿದ್ದ ಸೂಚನೆಯನ್ನೂ ರಿಜಿಸ್ಟರ್‌ಗಳನ್ನೂ ತೆಗೆದು, ನಿಜವಾಗಿ ಯಾವ ವಿಳಾಸವನ್ನು ಮುಟ್ಟಹೊರಟಿತ್ತು ಎಂದು ಕಣ್ಣಾರೆ ನೋಡಿ.

ಸ್ಟ್ಯಾಕ್ ಕೆಟ್ಟಾಗ ಬರುವ ‘ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್’ ಸಂದೇಶ ಹೋಲಿಸಿದರೆ ಪ್ರಾಮಾಣಿಕ. ಫಂಕ್ಷನ್ ಹಿಂದಿರುಗುವ ಮುನ್ನ ಕಾವಲು ಮೌಲ್ಯವನ್ನು ಪರೀಕ್ಷಿಸುವುದರಿಂದ, ತಪ್ಪು ಸಾಮಾನ್ಯವಾಗಿ ಅದೇ ಫಂಕ್ಷನ್‌ನಲ್ಲಿ ಅಥವಾ ಅದು ತನ್ನ ಬಫರ್ ಕೊಟ್ಟು ಕರೆದ ಫಂಕ್ಷನ್‌ನಲ್ಲಿ ಇರುತ್ತದೆ. ಹೀಪ್ ಹಾಗಲ್ಲ. ಅಲ್ಲಿನ ಪೆಟ್ಟು ಬೂದಿ ಮುಚ್ಚಿದ ಕೆಂಡದಂತೆ ಎಷ್ಟು ಹೊತ್ತಾದರೂ ಸುಮ್ಮನಿರಬಲ್ಲದು.

ಪಕ್ಕದ ಮನೆಯನ್ನು ನೋಡಿ

ನಮ್ಮ ಕ್ರ್ಯಾಶ್‌ನಲ್ಲಿ ಮೊದಲ ಬೆಳಕು ಬಿದ್ದದ್ದು ಇಲ್ಲಿ. ಗ್ಲಿಬ್‌ಸಿ ಕೊಡುವ ಪ್ರತಿಯೊಂದು ಹೀಪ್ ಬ್ಲಾಕ್‌ಗೂ ಮುಂಚಿನ 8 ಬೈಟ್‌ಗಳಲ್ಲಿ ಅದರ ಗಾತ್ರ ಬರೆದಿರುತ್ತದೆ. ಇದು 64 ಬಿಟ್ ಯಂತ್ರದ ಲೆಕ್ಕ. ಗಾತ್ರ ಯಾವಾಗಲೂ 16ರ ಗುಣಕವಾದ್ದರಿಂದ ಕೊನೆಯ ಬಿಟ್‌ಗಳು ಖಾಲಿ ಉಳಿಯುತ್ತವೆ, ಅವುಗಳಲ್ಲಿ ಕೆಲವು ಸೂಚಕಗಳನ್ನು ಇಡಲಾಗಿದೆ. 24 ಬೈಟ್ ಕೇಳಿದರೆ 32 ಬೈಟ್‌ನ ಬ್ಲಾಕ್ ಸಿಗುತ್ತದೆ. ಹಿಂದಿನ ಬ್ಲಾಕ್ ಬಳಕೆಯಲ್ಲಿದೆ ಎಂಬ ಸೂಚಕದ 1 ಸೇರಿ ಗಾತ್ರದ ಜಾಗದಲ್ಲಿ 33 ಎಂದಿರುತ್ತದೆ.

ಕೋರ್ ತೆರೆದು, ಫ್ರೀಗೆ ಕೊಟ್ಟ ಪಾಯಿಂಟರ್‌ಗಿಂತ 8 ಬೈಟ್ ಹಿಂದಿನ ಮೌಲ್ಯವನ್ನು ನೋಡಿದೆ. 33 ಇರಬೇಕಾದಲ್ಲಿ 0 ಇತ್ತು. ಪಾಯಿಂಟರ್ ಸರಿಯಾಗಿಯೇ ಇತ್ತು. ಆಕೆಯ ಫಂಕ್ಷನ್ ತನಗೆ ಸಿಕ್ಕ ಬ್ಲಾಕ್ ಅನ್ನೇ ಹಿಂದಿರುಗಿಸುತ್ತಿತ್ತು. ಆ ಬ್ಲಾಕ್‌ನ ತಲೆಬರಹವನ್ನು ಯಾರೋ ಅಳಿಸಿದ್ದರು.

ಹೀಪ್‌ನಲ್ಲಿ ಒಂದು ಬ್ಲಾಕ್‌ನ ಗಾತ್ರ ಕೆಟ್ಟಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅದಕ್ಕೂ ಮುಂಚಿನ ಬ್ಲಾಕ್ ಅನ್ನು, ಏಕೆಂದರೆ ಬಫರ್ ತುಂಬಿ ಹರಿಯುವುದು ಮೇಲಿನ ವಿಳಾಸದ ಕಡೆಗೆ. ಇನ್ನೂ 24 ಬೈಟ್ ಹಿಂದಕ್ಕೆ ಹೋಗಿ ಅದನ್ನು ಅಕ್ಷರಗಳಾಗಿ ಓದಿಸಿದೆ. ಹೊರಗಿನಿಂದ ಬಂದ ಒಂದು ಸಾಧನದ ಹೆಸರು ಅಚ್ಚುಕಟ್ಟಾಗಿ ಕಾಣಿಸಿತು. ಎಣಿಸಿದೆ. ಸರಿಯಾಗಿ 24 ಅಕ್ಷರ, ನಡುವೆ ಎಲ್ಲೂ ಮುಕ್ತಾಯದ ಸೊನ್ನೆ ಇಲ್ಲ. ಸಿ ಭಾಷೆಯಲ್ಲಿ ಪ್ರತಿ ಪಠ್ಯದ ಕೊನೆಗೂ ಒಂದು ಸೊನ್ನೆ ಬೈಟ್ ಬರಬೇಕು. ಆ ಸೊನ್ನೆ 25ನೆಯ ಬೈಟ್‌ನಲ್ಲಿ ಬಿದ್ದಿತ್ತು. 25ನೆಯ ಬೈಟ್ ಪಕ್ಕದ ಬ್ಲಾಕ್‌ನ ಗಾತ್ರದ ಮೊದಲ ಬೈಟ್.

ಒಂದೇ ಒಂದು ಸೊನ್ನೆ. ಅದು 33 ಅನ್ನು 0 ಮಾಡಿ ಸುಮ್ಮನಾಯಿತು. ಆಕೆಯ ದಾಖಲೆಗಳ ಗಾತ್ರವೂ 24 ಬೈಟ್ ಆಗಿದ್ದರಿಂದ ಅವು ಇಂತಹ ಹೆಸರುಗಳ ಪಕ್ಕದಲ್ಲೇ ಜಾಗ ಪಡೆಯುತ್ತಿದ್ದವು. ಬರೆ ಬೀಳುತ್ತಿದ್ದದ್ದು ಅವಕ್ಕೇ.

ಈಗ ಎರಡು ಮೂರು ದಿನಕ್ಕೊಮ್ಮೆ ಏಕೆ ಎಂಬುದೂ ತಿಳಿಯಾಯಿತು. 20 ಬೈಟ್ ಕೇಳಿದರೂ ಸಿಗುವ ಜಾಗ 24. 21ನೆಯ ಬೈಟ್‌ನಲ್ಲಿ ಬರೆದ ಸೊನ್ನೆ ಯಾರಿಗೂ ನೋವು ಮಾಡುವುದಿಲ್ಲ. 25 ಕೇಳಿದರೆ ಸಿಗುವುದು 40. ಹಾಗಾಗಿ ಹೆಸರಿನ ಉದ್ದ ಸರಿಯಾಗಿ 24, 40, 56, 72 ಹೀಗೆ ಇದ್ದಾಗ ಮಾತ್ರ ಸೊನ್ನೆ ಪಕ್ಕದವರ ಮೇಲೆ ಬೀಳುತ್ತದೆ. ಅಂತಹ ಹೆಸರು ಬರುವುದೇ ಅಪರೂಪ. ಬಂದರೂ ಪಕ್ಕದ ಬ್ಲಾಕ್ ಬಿಡುಗಡೆಯಾಗುವ ತನಕ ಯಾವ ಸದ್ದೂ ಇಲ್ಲ.

ಬೇಕೆಂದಾಗ ಬೀಳಿಸುವುದು

ಅನುಮಾನ ಎಷ್ಟೇ ಗಟ್ಟಿಯಾಗಿದ್ದರೂ, ಬೇಕೆಂದಾಗ ಪ್ರೋಗ್ರಾಮ್ ಅನ್ನು ಬೀಳಿಸಲು ಬರುವ ತನಕ ಅದು ಅನುಮಾನವೇ. 1ರಿಂದ 100 ಅಕ್ಷರದವರೆಗಿನ ಹೆಸರುಗಳನ್ನು ಒಂದೊಂದಾಗಿ ಕಳಿಸುವ ಚಿಕ್ಕ ಸ್ಕ್ರಿಪ್ಟ್ ಬರೆದೆ. 24ಕ್ಕೆ ಬಿತ್ತು, 40ಕ್ಕೆ ಬಿತ್ತು, 56ಕ್ಕೆ ಬಿತ್ತು, 72 ಮತ್ತು 88ಕ್ಕೂ ಬಿತ್ತು. ಉಳಿದ ಉದ್ದಗಳಿಗೆ ಎಷ್ಟು ಸಲ ಕಳಿಸಿದರೂ ಅಲುಗಲಿಲ್ಲ.

ಎಲ್ಲ ದೋಷಗಳೂ ಹೀಗೆ ಲೆಕ್ಕಕ್ಕೆ ಸಿಗುವುದಿಲ್ಲ. ಡೀಬಗರ್ ಹಾಕಿದೊಡನೆ ಮಾಯವಾಗುವ ದೋಷ ನಿಮ್ಮದಾಗಿದ್ದರೆ ಅದಕ್ಕೆ ಕಾರಣಗಳಿವೆ. ಪ್ರತಿ ಓಟದಲ್ಲೂ ವಿಳಾಸಗಳನ್ನು ಬದಲಿಸುವ ಎಎಸ್‌ಎಲ್‌ಆರ್ ಅನ್ನು ಜಿಡಿಬಿ ತಾನಾಗಿಯೇ ನಿಲ್ಲಿಸಿಬಿಡುತ್ತದೆ. ವಿಳಾಸದ ಮೇಲೆ ನಿಂತ ದೋಷ ಅದರಿಂದಲೇ ಅಡಗಬಹುದು. ಡಿಸೇಬಲ್-ರ‍್ಯಾಂಡಮೈಸೇಶನ್ ಎಂಬ ಸೆಟ್ಟಿಂಗ್ ಅನ್ನು ಆಫ್ ಮಾಡಿ ನೋಡಿ. ಜಿಡಿಬಿ ತನ್ನಿಂದ ಶುರುವಾದ ಪ್ರೋಗ್ರಾಮ್‌ನ ಪರಿಸರಕ್ಕೆ ಲೈನ್ಸ್ ಮತ್ತು ಕಾಲಮ್ಸ್ ಎಂಬ ಎರಡು ವೇರಿಯಬಲ್‌ಗಳನ್ನೂ ಸೇರಿಸುತ್ತದೆ. ಪರಿಸರದ ವೇರಿಯಬಲ್‌ಗಳು ಸ್ಟ್ಯಾಕ್‌ನ ಮೇಲ್ತುದಿಯಲ್ಲಿ ಕೂರುವುದರಿಂದ ಸ್ಟ್ಯಾಕ್ ಕೆಲವು ಬೈಟ್ ಕೆಳಗೆ ಸರಿಯುತ್ತದೆ; ಹೊರಗೆ ಬೀಳುವ ಪ್ರೋಗ್ರಾಮ್ ಒಳಗೆ ಓಡುತ್ತದೆ. ಅವೆರಡನ್ನೂ ತೆಗೆದುಹಾಕಲು ಒಂದು ಆಜ್ಞೆ ಸಾಕು. ಮೊದಲೇ ಓಡುತ್ತಿರುವ ಪ್ರೊಸೆಸ್‌ಗೆ ಜಿಡಿಬಿಯನ್ನು ಅಂಟಿಸಿದರೆ ಇವೆರಡರ ಕಾಟವೂ ಇಲ್ಲ.

ಬಿಡುಗಡೆಯಾದ ಮೆಮೊರಿಯನ್ನು ಮತ್ತೆ ಬಳಸುವ ಅಥವಾ ಮೌಲ್ಯ ತುಂಬದೆ ಓದುವ ದೋಷದ ಶಂಕೆಯಿದ್ದರೆ ಗ್ಲಿಬ್‌ಸಿಯ ಮ್ಯಾಲಕ್-ಪರ್ಟರ್ಬ್ ಪರಿಸರ ವೇರಿಯಬಲ್ ಅನ್ನು ಸೊನ್ನೆಯಲ್ಲದ ಅಂಕಿಗೆ ಇಟ್ಟು ಓಡಿಸಿ. ಕೊಡುವಾಗಲೂ ಬಿಡುವಾಗಲೂ ಅದು ಬ್ಲಾಕ್ ತುಂಬ ಕಸ ತುಂಬಿಸುತ್ತದೆ. ಹಳೆಯ ಮೌಲ್ಯ ಹಾಗೇ ಉಳಿದಿದ್ದರಿಂದ ಬದುಕಿಕೊಂಡಿದ್ದ ಕೋಡ್ ಕೂಡಲೇ ಕುಸಿಯುತ್ತದೆ. ಮತ್ತೆ ಕಂಪೈಲ್ ಮಾಡುವ ಅಗತ್ಯವೂ ಇಲ್ಲ.

ಬೀಳಿಸುವ ಇನ್‌ಪುಟ್ ದೊಡ್ಡದಾಗಿದ್ದರೆ ಅದನ್ನು ಸವೆಸಿ. ಅರ್ಧ ಕತ್ತರಿಸಿ, ಇನ್ನೂ ಬೀಳುತ್ತದೆಯೇ ನೋಡಿ. ಬಿದ್ದರೆ ಮತ್ತೆ ಅರ್ಧ. ಮನಬಂದ ಇನ್‌ಪುಟ್ ಕೊಟ್ಟು ಪ್ರೋಗ್ರಾಮ್ ಅನ್ನು ಬೀಳಿಸಿ ನೋಡುವ ಎಎಫ್‌ಎಲ್ ಫಜರ್‌ನ ಜೊತೆಗೆ ಬರುವ ಟಿಮಿನ್ ಸಾಧನ ಇದನ್ನು ತಾನೇ ಮಾಡುತ್ತದೆ. ಎಂಟು ಮೆಗಾಬೈಟ್‌ನ ಫೈಲ್ ಅರವತ್ತು ಬೈಟ್‌ಗೆ ಇಳಿದಾಗ ಉತ್ತರ ಬಹುತೇಕ ಆ ಅರವತ್ತು ಬೈಟ್‌ಗಳಲ್ಲೇ ಕಾಣಿಸುತ್ತದೆ. ಇನ್‌ಪುಟ್ ಅಪರಿಚಿತರಿಂದ ಬಂದದ್ದಾದರೆ ಈ ಕೆಲಸವನ್ನೆಲ್ಲ ನೆಟ್‌ವರ್ಕ್ ಕಡಿದ ವರ್ಚುವಲ್ ಯಂತ್ರದೊಳಗೆ ಮಾಡಿ. ನಿಮ್ಮ ಕೈಯಲ್ಲಿರುವುದು ದಾಳಿಯ ತುಣುಕೇ ಆಗಿರಬಹುದು.

ಸ್ಯಾನಿಟೈಜರ್‌ನ ಮಾತು, ಸ್ಯಾನಿಟೈಜರ್‌ನ ಮೌನ

ಈಗ ಬಹುತೇಕ ಎಲ್ಲರೂ ಮೊದಲು ಕೈಹಾಕುವುದು, ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್‌ಗೆ. ಅದು ಸರಿಯಾದ ಆಯ್ಕೆಯೇ. ಗೂಗಲ್‌ನ ಎಂಜಿನಿಯರ್‌ಗಳು ರೂಪಿಸಿ 2012ರಲ್ಲಿ ಸಂಶೋಧನಾ ಪ್ರಬಂಧವಾಗಿ ಮಂಡಿಸಿದ ಈ ಸಾಧನ ಇಂದು ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳೆರಡರಲ್ಲೂ ಇದೆ. ಅದರ ಉಪಾಯ ಸರಳ ಮತ್ತು ಸುಂದರ. ಪ್ರೋಗ್ರಾಮ್‌ನ ಪ್ರತಿ 8 ಬೈಟ್‌ಗೆ 1 ಬೈಟ್‌ನ ನೆರಳು ಇಡುತ್ತದೆ. ನೆರಳಿನಲ್ಲಿ 00 ಇದ್ದರೆ ಎಂಟೂ ಬೈಟ್ ಮುಟ್ಟಬಹುದು. 04 ಇದ್ದರೆ ಮೊದಲ ನಾಲ್ಕು ಮಾತ್ರ. ‘ಎಫ್‌ಎ’ ಇದ್ದರೆ ಅದು ಬ್ಲಾಕ್‌ಗಳ ನಡುವಿನ ನಿಷಿದ್ಧ ಪಟ್ಟಿ. ‘ಎಫ್‌ಡಿ’ ಇದ್ದರೆ ಬಿಡುಗಡೆಯಾದ ಮೆಮೊರಿ. 24 ಬೈಟ್‌ನ ಬ್ಲಾಕ್ ವರದಿಯಲ್ಲಿ ಮೂರು 00ಗಳಾಗಿ, ಅದರಾಚೆ ಎಫ್‌ಎ ಆಗಿ ಕಾಣುತ್ತದೆ. ಪ್ರತಿ ಓದು ಬರಹಕ್ಕೂ ಮುನ್ನ ಈ ನೆರಳನ್ನು ಪರೀಕ್ಷಿಸುವ ಸೂಚನೆಗಳನ್ನು ಕಂಪೈಲರ್ ಸೇರಿಸುತ್ತದೆ. ಪ್ರೋಗ್ರಾಮ್ ಸರಿಸುಮಾರು ಎರಡು ಪಟ್ಟು ನಿಧಾನವಾಗುತ್ತದೆ, ಅಷ್ಟೇ.

ಬಿಡುಗಡೆಯಾದ ಮೆಮೊರಿಯ ಮರುಬಳಕೆಯ ವರದಿಯಲ್ಲಿ ಮೂರು ಸ್ಟ್ಯಾಕ್‌ಗಳಿರುತ್ತವೆ: ಈಗ ಮುಟ್ಟಿದವರು, ಹಿಂದೆ ಬಿಡುಗಡೆ ಮಾಡಿದವರು, ಮೊದಲು ಪಡೆದವರು. ಹೊಸಬರು ಮೊದಲನೆಯದನ್ನು ಓದಿ ಅಲ್ಲೇ ತಿದ್ದಲು ಕೂರುತ್ತಾರೆ. ನನ್ನ ಅನುಭವದಲ್ಲಿ ಉತ್ತರ ಹೆಚ್ಚಾಗಿ ಎರಡನೆಯದರಲ್ಲಿರುತ್ತದೆ: ಇನ್ನೂ ಬಳಸುವವರಿದ್ದಾಗ ಇವನು ಏಕೆ ಬಿಡುಗಡೆ ಮಾಡಿದ?

ನಮ್ಮ ಪ್ರೋಗ್ರಾಮ್ ಅನ್ನು ಅಡ್ರೆಸ್ ಸ್ಯಾನಿಟೈಜರ್ ಜೊತೆ ಕಂಪೈಲ್ ಮಾಡಿ, 24 ಅಕ್ಷರದ ಹೆಸರು ಕಳಿಸಿದೆವು. ವರದಿ ಬರಲಿಲ್ಲ. ಕ್ರ್ಯಾಶ್ ಕೂಡ ಆಗಲಿಲ್ಲ. ಸಾವಿರ ಸಲ ಕಳಿಸಿದರೂ ಪ್ರೋಗ್ರಾಮ್ ಕಲ್ಲಿನಂತೆ ನಿಂತಿತ್ತು. ಸಭೆಯಲ್ಲಿದ್ದ ಒಬ್ಬರು ಹೊಸ ಕಂಪೈಲರ್‌ನಿಂದ ಸಮಸ್ಯೆ ತಾನಾಗಿಯೇ ಹೋಗಿರಬೇಕು ಎಂದರು.

ಈ ಮೌನದ ಅರ್ಥವನ್ನು ಎಲ್ಲರೂ ತಿಳಿದಿರಬೇಕು. ಸ್ಯಾನಿಟೈಜರ್ ಪರೀಕ್ಷಿಸುವುದು ತಾನು ಸೂಚನೆ ಸೇರಿಸಿದ ಕೋಡ್ ಅನ್ನು ಮಾತ್ರ. ಅದರ ಜೊತೆಗೆ ಮೆಮ್‌ಕಾಪಿ, ಸ್ಟ್ರ್‌ಕಾಪಿಯಂತಹ ಕೆಲವು ಪರಿಚಿತ ಫಂಕ್ಷನ್‌ಗಳನ್ನು ನಡುವೆ ತಡೆದು ನೋಡುತ್ತದೆ. ನಮ್ಮಲ್ಲಿ ಹೆಸರನ್ನು ಬಿಡಿಸಿ ಬರೆಯುತ್ತಿದ್ದದ್ದು ಬೈನರಿಯಾಗಿ ಮಾತ್ರ ಸಿಕ್ಕಿದ್ದ ಒಂದು ಲೈಬ್ರರಿ, ಅದೂ ತನ್ನದೇ ಲೂಪ್‌ನಲ್ಲಿ ಒಂದೊಂದೇ ಬೈಟ್ ಆಗಿ. ಆ ಬರಹ ಸ್ಯಾನಿಟೈಜರ್‌ನ ಕಣ್ಣಿಗೆ ಬೀಳಲೇ ಇಲ್ಲ. ಜೊತೆಗೆ ಅದರ ಹೀಪ್ ಬ್ಲಾಕ್‌ಗಳ ನಡುವೆ ಖಾಲಿ ಪಟ್ಟಿ ಇಡುವುದರಿಂದ ಆ ಸೊನ್ನೆ ಖಾಲಿ ಜಾಗದಲ್ಲಿ ಬಿದ್ದು ಯಾರಿಗೂ ತಾಗಲಿಲ್ಲ. ದೋಷ ಹಾಗೆಯೇ ಇತ್ತು. ಮೆತ್ತೆಯ ಮೇಲೆ ಬೀಳುತ್ತಿತ್ತು.

ಇದರ ಮಿತಿಗಳು ಇನ್ನೂ ಇವೆ. ಒಂದೇ ಸ್ಟ್ರಕ್ಟ್‌ನೊಳಗೆ ಒಂದು ಅರೇ ತುಂಬಿ ಪಕ್ಕದ ಸದಸ್ಯಕ್ಕೆ ಹರಿದರೆ ನಡುವೆ ನಿಷಿದ್ಧ ಪಟ್ಟಿ ಇಲ್ಲದ್ದರಿಂದ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಸೂಚ್ಯಂಕ ತೀರಾ ತಪ್ಪಿ ಪಟ್ಟಿಯನ್ನೇ ಹಾರಿ ಇನ್ನೊಂದು ಜೀವಂತ ಬ್ಲಾಕ್‌ನೊಳಗೆ ಇಳಿದರೂ ಗೊತ್ತಾಗುವುದಿಲ್ಲ. ಮೌಲ್ಯ ತುಂಬದ ಮೆಮೊರಿಯನ್ನು ಓದುವುದು ಅದರ ಕೆಲಸವೇ ಅಲ್ಲ. ಅದಕ್ಕೆ ಕ್ಲ್ಯಾಂಗ್‌ನ ಮೆಮೊರಿ ಸ್ಯಾನಿಟೈಜರ್ ಇದೆ, ಅದು ಲೈಬ್ರರಿಗಳೂ ಸೇರಿ ಎಲ್ಲ ಕೋಡ್ ತನ್ನೊಂದಿಗೆ ಕಂಪೈಲ್ ಆಗಿರಬೇಕೆಂದು ಕೇಳುತ್ತದೆ. ಎರಡು ಥ್ರೆಡ್‌ಗಳು ಒಂದೇ ಜಾಗಕ್ಕೆ ಕಿತ್ತಾಡುವ ದೋಷಕ್ಕೆ ಥ್ರೆಡ್ ಸ್ಯಾನಿಟೈಜರ್. ಇವು ಮೂರನ್ನೂ ಒಂದೇ ಬೈನರಿಯಲ್ಲಿ ಕಟ್ಟಲಾಗದು, ಬೇರೆ ಬೇರೆ ಕಟ್ಟಿ ಓಡಿಸಬೇಕು.

ಬೈನರಿ ಮಾತ್ರ ಕೈಯಲ್ಲಿದ್ದಾಗ ನಾನು ನಂಬುವುದು ವ್ಯಾಲ್‌ಗ್ರೈಂಡ್ ಅನ್ನು. ಅದು ಪ್ರತಿ ಸೂಚನೆಯನ್ನೂ ತನ್ನೊಳಗೆ ಅನುವಾದಿಸಿ ನಡೆಸುವುದರಿಂದ ಯಾರು ಕಂಪೈಲ್ ಮಾಡಿದ ಕೋಡ್ ಆದರೂ ಅದರ ಕಣ್ಣು ತಪ್ಪುವುದಿಲ್ಲ. ಬೆಲೆ ಎಂದರೆ ವೇಗ: ಹತ್ತರಿಂದ ಮೂವತ್ತು ಪಟ್ಟು ನಿಧಾನ. ಸ್ಟ್ಯಾಕ್ ಮತ್ತು ಗ್ಲೋಬಲ್ ಅರೇಗಳ ಎಲ್ಲೆ ಅದಕ್ಕೆ ತಿಳಿಯದು ಎಂಬುದನ್ನೂ ನೆನಪಿಡಬೇಕು. ಹೀಪ್‌ನ ವಿಷಯದಲ್ಲಿ ಮಾತ್ರ ಅದು ಅಪಾರ ತಾಳ್ಮೆಯ ಸಾಕ್ಷಿ. ಮೂಲ ಬೈನರಿಯನ್ನೇ ಅದರ ಕೆಳಗೆ ಓಡಿಸಿ 24 ಅಕ್ಷರದ ಹೆಸರು ಕಳಿಸಿದೆವು. ಒಂದು ನಿಮಿಷದೊಳಗೆ ವರದಿ ಬಂತು: 1 ಬೈಟ್‌ನ ಅಕ್ರಮ ಬರಹ, ಆ ವಿಳಾಸ, 24 ಬೈಟ್‌ನ ಬ್ಲಾಕ್ ಮುಗಿದ 0 ಬೈಟ್ ಆಚೆ, ಬ್ಲಾಕ್ ಅನ್ನು ಪಡೆದವರ ಸ್ಟ್ಯಾಕ್ ಇದು. ಆ ಸ್ಟ್ಯಾಕ್‌ನಲ್ಲಿ ನನ್ನ ಫಂಕ್ಷನ್ ಇತ್ತು. ಹೆಸರಿನ ಉದ್ದ ಎಷ್ಟೋ ಅಷ್ಟೇ ಬೈಟ್ ಪಡೆದು ಲೈಬ್ರರಿಗೆ ಕೊಟ್ಟಿದ್ದೆ. ಲೈಬ್ರರಿಯ ಕೈಪಿಡಿ, ಉದ್ದಕ್ಕಿಂತ ಒಂದು ಹೆಚ್ಚು ಕೊಡಬೇಕೆಂದು ಸ್ಪಷ್ಟವಾಗಿ ಹೇಳಿತ್ತು.

ಕಾಲವನ್ನು ಹಿಂದಕ್ಕೆ ಓಡಿಸುವುದು

ವ್ಯಾಲ್‌ಗ್ರೈಂಡ್ ಹೇಳಿದ ಬರಹವೇ ಆ ಕ್ರ್ಯಾಶ್‌ಗೆ ಕಾರಣ ಎಂದು ಖಚಿತ ಮಾಡಿಕೊಳ್ಳಲು ಇನ್ನೊಂದು ಹೆಜ್ಜೆ ಇಟ್ಟೆವು. ಹಳೆಯ ಪ್ರೋಗ್ರಾಮ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಗಳಿರುವುದು ಸಾಮಾನ್ಯ. ಒಂದನ್ನು ಹಿಡಿದು ಇನ್ನೊಂದರ ಹೊಣೆಯನ್ನು ಅದರ ತಲೆಗೆ ಕಟ್ಟಿದರೆ ಮತ್ತದೇ ಎಮ್ಮೆಗೆ ಬರೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಧನ, ಮೊಜಿಲ್ಲಾದಲ್ಲಿ ಹುಟ್ಟಿದ ಆರ್‌ಆರ್. ಅದು ಪ್ರೋಗ್ರಾಮ್‌ನ ಒಂದು ಓಟವನ್ನು ದಾಖಲಿಸಿಕೊಂಡು, ಎಷ್ಟು ಸಲ ಬೇಕಾದರೂ ಅಕ್ಷರಶಃ ಹಾಗೆಯೇ ಮರುನಡೆಸುತ್ತದೆ, ವಿಳಾಸಗಳೂ ಬದಲಾಗುವುದಿಲ್ಲ. ಮರುನಡೆಸುವಾಗ ಜಿಡಿಬಿಯ ಆಜ್ಞೆಗಳೇ ಕೆಲಸ ಮಾಡುತ್ತವೆ, ಹಿಂದಕ್ಕೆ ನಡೆಯುವ ಆಜ್ಞೆಗಳೂ ಸೇರಿ. ಎಲ್ಲ ಥ್ರೆಡ್‌ಗಳನ್ನೂ ಅದು ಪ್ರೊಸೆಸರ್‌ನ ಒಂದೇ ಕೋರ್‌ನಲ್ಲಿ ಸರದಿಯಂತೆ ಓಡಿಸುತ್ತದೆ, ಪ್ರೊಸೆಸರ್‌ನ ಕಾರ್ಯಕ್ಷಮತೆ ಎಣಿಕೆಯ ಸೌಲಭ್ಯ ಅದಕ್ಕೆ ಬೇಕೇ ಬೇಕು. ಹಾಗಾಗಿ ಕೆಲವು ವರ್ಚುವಲ್ ಯಂತ್ರಗಳಲ್ಲಿ ಓಡುವುದಿಲ್ಲ. ಥ್ರೆಡ್‌ಗಳ ಸರದಿಯನ್ನು ಬೇಕೆಂದೇ ಕೆಡಿಸುವ ಕೇಯಾಸ್ ಎಂಬ ಆಯ್ಕೆ, ಅಪರೂಪಕ್ಕೆ ಬರುವ ದೋಷಗಳನ್ನು ಎಳೆದು ತರಲು ತುಂಬಾ ಒದಗುತ್ತದೆ.

ಮಾಡಿದ್ದು ಇಷ್ಟು. ಕ್ರ್ಯಾಶ್ ಅನ್ನು ದಾಖಲಿಸಿಕೊಂಡು, ಮರುನಡೆಸಿ, ಅಬಾರ್ಟ್ ಆಗುವ ತನಕ ಬಿಟ್ಟೆವು. ಫ್ರೀಗೆ ಕೊಟ್ಟ ಪಾಯಿಂಟರ್‌ಗಿಂತ 8 ಬೈಟ್ ಹಿಂದಿನ ಜಾಗಕ್ಕೆ ವಾಚ್‌ಪಾಯಿಂಟ್, ಅಂದರೆ ಮೌಲ್ಯ ಬದಲಾದೊಡನೆ ನಿಲ್ಲಿಸುವ ಕಾವಲು, ಇಟ್ಟೆವು. ರಿವರ್ಸ್-ಕಂಟಿನ್ಯೂ ಕೊಟ್ಟೆವು. ಅದು ಮೊದಲು ಅಬಾರ್ಟ್ ಸಿಗ್ನಲ್ ಬಳಿ ಒಮ್ಮೆ ನಿಲ್ಲುತ್ತದೆ; ಗಾಬರಿಯಾಗದೆ ಇನ್ನೊಮ್ಮೆ ಕೊಡಬೇಕು. ಎರಡನೆಯ ಸಲ ಪ್ರೋಗ್ರಾಮ್ ಹಿಂದಕ್ಕೆ ಓಡುತ್ತಾ ಹೋಗಿ ತಟ್ಟನೆ ನಿಂತಿತು. ಪರದೆಯ ಮೇಲೆ ಎರಡು ಸಾಲು: ಹಳೆಯ ಮೌಲ್ಯ 0, ಹೊಸ ಮೌಲ್ಯ 33. ಹಿಂದಕ್ಕೆ ನಡೆಯುತ್ತಿರುವುದರಿಂದ ಹಳೆಯದು ಹೊಸದು ಅದಲುಬದಲಾಗಿ ಕಾಣುತ್ತದೆ. 33 ಅಳಿದು 0 ಆದ ಆ ಒಂದು ಸೂಚನೆಯ ಮೇಲೇ ನಾವು ನಿಂತಿದ್ದೆವು. ಬ್ಯಾಕ್‌ಟ್ರೇಸ್ ತೆಗೆದರೆ ಲೈಬ್ರರಿಯ ಲೂಪ್, ಅದರ ಮೇಲೆ ನನ್ನ ಫಂಕ್ಷನ್. ಎರಡು ವಾರ ಆಪಾದನೆ ಹೊತ್ತವಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅವಳ ಕ್ಷಮೆ ಕೇಳಿದೆ.

ಆರ್‌ಆರ್ ಓಡದ ಯಂತ್ರದಲ್ಲಿ ಇದೇ ಕೆಲಸವನ್ನು ಜಿಡಿಬಿ ಒಂದರಿಂದಲೇ ಮುಂದಕ್ಕೆ ಮಾಡಬಹುದು: ಎಎಸ್‌ಎಲ್‌ಆರ್ ನಿಲ್ಲಿಸಿ, ವಿಳಾಸ ಪ್ರತಿ ಸಲವೂ ಒಂದೇ ಬರುತ್ತದೆಯೇ ನೋಡಿ, ಆ ವಿಳಾಸಕ್ಕೆ ವಾಚ್‌ಪಾಯಿಂಟ್ ಇಟ್ಟು ಕಾಯುವುದು. ಎಕ್ಸ್86ನಲ್ಲಿ ವಾಚ್‌ಪಾಯಿಂಟ್‌ಗೆ ನಾಲ್ಕೇ ಹಾರ್ಡ್‌ವೇರ್ ರಿಜಿಸ್ಟರ್‌ಗಳಿವೆ. ಅದಕ್ಕಿಂತ ಹೆಚ್ಚು ಕೇಳಿದರೆ ಜಿಡಿಬಿ ಆಗದು ಎನ್ನುತ್ತದೆ, ಅಥವಾ ಒಂದೊಂದೇ ಹೆಜ್ಜೆ ನಡೆಸಿ ವಿಪರೀತ ನಿಧಾನವಾಗುತ್ತದೆ.

‘ಕ್ರ್ಯಾಶ್ ಅಷ್ಟೇ ತಾನೇ’

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊರಗಿನವರು ಕಳಿಸಿದ ಹೆಸರಿನ ಉದ್ದದಿಂದ ನಮ್ಮ ಹೀಪ್‌ನ ಲೆಕ್ಕ ಬದಲಾಗುತ್ತದೆ ಎಂದರೆ, ಆ ಲೆಕ್ಕದ ಒಂದು ಬೈಟ್‌ನ ಮೇಲೆ ಹೊರಗಿನವರಿಗೆ ಹಿಡಿತವಿದೆ ಎಂದರ್ಥ. ಒಂದು ಸೊನ್ನೆ ಬೈಟ್‌ನಿಂದ ಏನಾದೀತು ಎನ್ನುವವರಿಗೆ 2014ರ ಉದಾಹರಣೆ ಇದೆ. ಗ್ಲಿಬ್‌ಸಿಯಲ್ಲೇ, ಅಕ್ಷರಸಂಕೇತಗಳನ್ನು ಬದಲಿಸುವ ಭಾಗದಲ್ಲಿ ಒಂದು ಸೊನ್ನೆ ಬೈಟ್ ಬಫರ್‌ನ ಆಚೆ ಬೀಳುತ್ತಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2014-5119 ಎಂದು ಅದರ ದಾಖಲೆ. ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದವರು ಅದನ್ನೇ ಹಿಡಿದು ಸಾಮಾನ್ಯ ಬಳಕೆದಾರನಿಂದ ಯಂತ್ರದ ಪೂರ್ಣ ಹಿಡಿತ ಕೊಡುವ ರೂಟ್ ಅಧಿಕಾರದವರೆಗೆ ಏರಿ ತೋರಿಸಿದರು. ರೂಟ್ ಅಧಿಕಾರದಿಂದ ಆಜ್ಞೆ ನಡೆಸಲು ಬಳಸುವ ಸುಡೋದಲ್ಲಿ 2011ರಲ್ಲಿ ಸೇರಿದ ಒಂದು ಹೀಪ್ ಹರಿವು 2021ರ ಜನವರಿಯಲ್ಲಿ ಬಯಲಾಗುವ ತನಕ ಸುಮಾರು ಹತ್ತು ವರ್ಷ ಎಲ್ಲರ ಕಣ್ಣೆದುರೇ ಕೂತಿತ್ತು. 2014ರಲ್ಲಿ ಬಯಲಾದ, ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷದಿಂದ ಅಂತೂ ಕ್ರ್ಯಾಶ್ ಕೂಡ ಆಗುತ್ತಿರಲಿಲ್ಲ. ಒಂದೊಂದು ಕೋರಿಕೆಗೂ 64 ಕಿಲೋಬೈಟ್‌ವರೆಗಿನ ಮೆಮೊರಿಯನ್ನು ಸದ್ದಿಲ್ಲದೆ ಹೊರಗೆ ಕೊಡುತ್ತಿತ್ತು.

ಆದ್ದರಿಂದ ಕ್ರ್ಯಾಶ್ ಅನ್ನು ಬಾಯಿ ಮುಚ್ಚಿಸುವ ತೇಪೆಗಳನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಅಂತಹ ಒಂದು ಸಲಹೆ ಬಂದಿತ್ತು: ಆಕೆಯ ಫಂಕ್ಷನ್‌ನಿಂದ ಫ್ರೀ ಕರೆಯನ್ನೇ ತೆಗೆದುಬಿಡುವುದು, ಸ್ವಲ್ಪ ಮೆಮೊರಿ ಸೋರಿದರೆ ಸೋರಲಿ ಎಂದು. ಹಾಗೆ ಮಾಡಿದ್ದರೆ ಎಚ್ಚರಿಸುತ್ತಿದ್ದ ಒಂದೇ ಗಂಟೆಯನ್ನೂ ನಾವೇ ಕಳಚಿ ಇಟ್ಟಂತಾಗುತ್ತಿತ್ತು. ಸೊನ್ನೆ ಬೀಳುತ್ತಲೇ ಇರುತ್ತಿತ್ತು.

ನಿಮ್ಮ ದೋಷ ಇನ್ನೊಬ್ಬರ ಸಾಫ್ಟ್‌ವೇರ್‌ನಲ್ಲಿ ಸಿಕ್ಕಿದ್ದರೆ ಮೊದಲು ಅವರಿಗೆ ಖಾಸಗಿಯಾಗಿ ತಿಳಿಸಿ. ಸವೆಸಿದ ಇನ್‌ಪುಟ್, ನಿಖರವಾದ ಆವೃತ್ತಿ, ವ್ಯಾಲ್‌ಗ್ರೈಂಡ್ ಅಥವಾ ಸ್ಯಾನಿಟೈಜರ್ ವರದಿ, ಇವಿಷ್ಟು ಇದ್ದರೆ ಸಾಕು. ತಿದ್ದಲು ಸಮಯ ಕೊಡಿ. 90 ದಿನ ಎಂಬುದು ಅನೇಕ ಸಂಶೋಧಕರು ಪಾಲಿಸುವ ಗಡುವು.

ತಿದ್ದಿದ ಮೇಲೆ

ತಿದ್ದುಪಡಿ ಒಂದೇ ಅಂಕಿಯದು, ಉದ್ದಕ್ಕೆ 1 ಕೂಡಿಸಿದ್ದು. ಅದಕ್ಕೂ ಮೊದಲು ಪರೀಕ್ಷೆಯನ್ನು ಬರೆದೆವು: 1ರಿಂದ 100ರವರೆಗಿನ ಎಲ್ಲ ಉದ್ದಗಳ ಹೆಸರು, ವ್ಯಾಲ್‌ಗ್ರೈಂಡ್ ಕೆಳಗೆ. ಹಳೆಯ ಬೈನರಿಯ ಮೇಲೆ ಆ ಪರೀಕ್ಷೆ ನೂರಕ್ಕೆ ನೂರೂ ಉದ್ದಗಳಲ್ಲಿ ವಿಫಲವಾಗಬೇಕಿತ್ತು, ಆಯಿತು. ಇದು ಕೆಲವರಿಗೆ ಅಚ್ಚರಿಯಾಯಿತು. ಕ್ರ್ಯಾಶ್ ಆಗುತ್ತಿದ್ದದ್ದು 24, 40, 56, 72, 88ಕ್ಕೆ ಮಾತ್ರ. ಆದರೆ ತಪ್ಪು ಬರಹ ನಡೆಯುತ್ತಿದ್ದದ್ದು ಪ್ರತಿಯೊಂದು ಉದ್ದಕ್ಕೂ. ಉಳಿದಾಗ ಗ್ಲಿಬ್‌ಸಿ ಕೊಟ್ಟ ಹೆಚ್ಚುವರಿ ಬೈಟ್‌ಗಳು ಅದನ್ನು ನುಂಗಿಕೊಂಡಿದ್ದವು. ವ್ಯಾಲ್‌ಗ್ರೈಂಡ್ ಲೆಕ್ಕ ಇಡುವುದು ನಾವು ಕೇಳಿದ ಗಾತ್ರವನ್ನು, ಸಿಕ್ಕಿದ ಗಾತ್ರವನ್ನಲ್ಲ. ತಿದ್ದಿದ ಬೈನರಿಯಲ್ಲಿ ನೂರೂ ಶುದ್ಧವಾಗಿ ಹೋದವು.

ಆಮೇಲೆ ಆ ಲೈಬ್ರರಿಯನ್ನು ಕರೆಯುವ ಪ್ರತಿಯೊಂದು ಜಾಗವನ್ನೂ ಹುಡುಕಿ ಓದಿದೆವು. ಒಟ್ಟು ಹನ್ನೊಂದು ಇದ್ದವು. ಅದೇ ತಪ್ಪು ಇನ್ನೆರಡು ಕಡೆ ಸಿಕ್ಕಿತು. ಅವುಗಳಲ್ಲಿ ಒಂದನ್ನು ಹುಡುಕಿ ತೆಗೆದವಳು ಆಕೆಯೇ.